ಮಾತಿನ ಕೆಳಗೆ ನಿಂತದ್ದು

ಜನವರಿ ೯

ಅಕ್ಕನಿಗೆ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನು ಹಿಡಿದ ಎರಡನೇ ನಿಮಿಷಕ್ಕೆ ನಾವಿಬ್ಬರೂ ದನಿ ಏರಿಸುತ್ತೇವೆ ಎಂಬುದು ನಿನಗೂ ಗೊತ್ತು. ಅದಕ್ಕೇ ಈ ಕಾಗದ.

ಮಗುವಿಗೆ ಹುಷಾರಿಲ್ಲ. ಕೆಲವು ವಾರಗಳಿಂದ ಹೊಟ್ಟೆನೋವು ಅಂತ ಅಳುತ್ತಿದ್ದಳು, ಊಟ ಮುಟ್ಟುತ್ತಿರಲಿಲ್ಲ, ಮುಖ ಬಿಳಿಚಿಕೊಂಡಿತ್ತು. ಹಲ್ಲು ಬರುವ ಕಾಟ ಇರಬೇಕು ಎಂದುಕೊಂಡು ಸುಮ್ಮನಿದ್ದೆವು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಸೀಸ ಸೇರಿದೆ ಎಂದು ತಿಳಿಯಿತು. ಇರಬಾರದಷ್ಟು ಇದೆಯಂತೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, "ಮನೇಲಿ ಮೆರುಗು ಕೊಟ್ಟ ಮಣ್ಣಿನ ಪಾತ್ರೆ ಬಳಸ್ತೀರಾ?"

ನಮ್ಮ ಮನೆಯಲ್ಲಿ ಬೇರೆ ಪಾತ್ರೆಯಾದರೂ ಎಲ್ಲಿದೆ? ತಟ್ಟೆ, ಬಟ್ಟಲು, ಜಗ್ಗು, ಎಲ್ಲವೂ ನೀನು ಕೈಯಾರೆ ಮಾಡಿದವು. ಅವಳು ಹುಟ್ಟಿದಾಗ ನೀನು ಕೊಟ್ಟ ಹಳದಿ ಲೋಟದಲ್ಲಲ್ಲದೆ ಅವಳು ಹಾಲೇ ಕುಡಿಯುವುದಿಲ್ಲ. ನಾನು ಇದನ್ನು ಹೇಳಿದಾಗ ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನನ್ನ ಹೆಂಡತಿಯೂ ನೋಡಿದಳು.

ನಿನ್ನ ಮೆರುಗಿನಲ್ಲಿ ಸೀಸ ಇಲ್ಲ ಎಂದು ನೀನು ಯಾವಾಗಲೂ ಹೇಳುತ್ತ ಬಂದಿದ್ದೀಯ. ಈಗ ಆ ಹೇಳಿಕೆಯನ್ನು ನೀನು ಸಬ್‌ಸ್ಟಾನ್ಷಿಯೇಟ್ ಮಾಡಬೇಕಾಗುತ್ತದೆ. ಡಾಕ್ಟರಿಗೂ ಬೇಕು, ನಮಗೂ ಬೇಕು.

ಪಾತ್ರೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದ್ದೇವೆ.

ಇತಿ,
ತಮ್ಮ


ಜನವರಿ ೧೪

ತಮ್ಮಾ,

ಮೊದಲು ಮಗುವಿನ ವಿಷಯ ಬರಿ. ಈಗ ಹೇಗಿದ್ದಾಳೆ? ನಗುತ್ತಾಳಾ? ಹೋದ ಸಲ ಬಂದಾಗ ನನ್ನ ಕನ್ನಡಕದ ಕಡ್ಡಿಯನ್ನೇ ಕಚ್ಚಿ ಗುರುತು ಮಾಡಿದ್ದಳು. ಕೈಗೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತಾಳೆ ಅಂತ ಇಲಿಮರಿ ಎಂದು ಹೆಸರಿಟ್ಟವಳು ನಾನೇ. ಆ ಇಲಿಮರಿ ಊಟ ಮುಟ್ಟುವುದಿಲ್ಲ ಎಂದು ಓದಿದ ಮೇಲೆ ನನಗೂ ತುತ್ತು ಇಳಿಯುತ್ತಿಲ್ಲ. ಔಷಧಿ ಏನು ಕೊಟ್ಟಿದ್ದಾರೆ, ರಾತ್ರಿ ನಿದ್ದೆ ಮಾಡುತ್ತಾಳಾ, ಎಲ್ಲ ಬಿಡಿಸಿ ಬರಿ.

ಇನ್ನು ನಿನ್ನ ವಿಷಯ. ಏನೋ ಅದು ಸಬ್‌ಸ್ಟಾನ್ಷಿಯೇಟ್? ಪಂಡಿತ, ನೀನು ಶೂ ಲೇಸು ಕಟ್ಟಲು ಬರದಿದ್ದಾಗಿನಿಂದ ನನ್ನ ಹತ್ತಿರ ಕನ್ನಡದಲ್ಲೇ ಮಾತಾಡಿದ್ದೀಯ, ಕನ್ನಡದಲ್ಲೇ ಹಟ ಮಾಡಿದ್ದೀಯ, ಕನ್ನಡದಲ್ಲೇ ಜಗಳವಾಡಿದ್ದೀಯ. ಈಗ ನನ್ನ ಮೇಲೆ ಅನುಮಾನ ಬಂದಿದೆ ಅಂತ ಹೇಳುವುದಕ್ಕೆ ಇಂಗ್ಲಿಷು ಬೇಕಾಯಿತಾ? ಪಕ್ಕದ ರೇಡಿಯೋ ರಿಪೇರಿಯವರಿಗೆ ಆ ಸಾಲು ಓದಿ ತೋರಿಸಿದೆ. "ಏನೋ ಕೋರ್ಟಿಂದು ಇರ್ಬೇಕಕ್ಕಾ" ಅಂದರು. ಅವರ ಎದುರು ನನಗೆ ನಾಚಿಕೆಯಾಯಿತು.

ನಾನು ಸೀಸ ಹಾಕುವುದಿಲ್ಲ. ಹಾಕಿಲ್ಲ. ನನ್ನ ತಮ್ಮನ ಮಗಳು ಕುಡಿಯುವ ಲೋಟಕ್ಕೆ ವಿಷ ಬಳಿಯುತ್ತೇನಾ? ಇದನ್ನು ಬಾಯಿಬಿಟ್ಟು ಬೇರೆ ಹೇಳಬೇಕಾ? ಅಂಗೈ ಹುಣ್ಣಿಗೆ ಕನ್ನಡಿ ಹಿಡಿ ಅನ್ನುತ್ತಿದ್ದೀಯ.

ನಿನ್ನ ಹೆಂಡತಿ, ಆ ಲೆಕ್ಕದ ಮೇಡಂ, ಏನು ಹೇಳಿದಳು, ಅದನ್ನೂ ಮುಚ್ಚಿಡದೆ ಬರಿ.

ಸಿಟ್ಟಿನಲ್ಲಿರುವ,
ನಿನ್ನ ಅಕ್ಕ


ಜನವರಿ ೨೧

ಅಕ್ಕಾ,

ಬೈದದ್ದು ಸರಿಯಾಗಿದೆ. ಬೈಯದೆ ಇದ್ದಿದ್ದರೆ ಇನ್ನೂ ಹೆದರುತ್ತಿದ್ದೆ.

ಮಗು ಹಾಗೇ ಇದ್ದಾಳೆ. ಕಬ್ಬಿಣಾಂಶದ ಟಾನಿಕ್ಕು ಕೊಡುತ್ತಿದ್ದೇವೆ, ಅರ್ಧ ಹೊಟ್ಟೆಗೆ, ಅರ್ಧ ನನ್ನ ಅಂಗಿಗೆ. ಸದ್ಯಕ್ಕೆ ಸೀಸ ಒಳಗೆ ಹೋಗುವ ದಾರಿ ಮುಚ್ಚುವುದೇ ಮುಖ್ಯ ಔಷಧಿ ಎಂದಿದ್ದಾರೆ. ಸ್ಟೀಲು ಲೋಟದಲ್ಲಿ ಹಾಲು ಕೊಟ್ಟರೆ ಮುಖ ತಿರುಗಿಸಿ ಅಟ್ಟದ ಕಡೆ ಕೈ ತೋರಿಸುತ್ತಾಳೆ. ನನ್ನ ಹೆಂಡತಿ ಸ್ನಾನದ ಮನೆಯ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ, ನನಗೆ ಕೇಳಬಾರದು ಅಂತ. ನಿನ್ನ ಬಗ್ಗೆ ಅವಳು ಹೇಳಿದ್ದು ಒಂದೇ ಮಾತು: "ಇಲ್ಲ ಅಂತ ಅತ್ತಿಗೆ ಹೇಳ್ತಾರೆ, ಸರಿ. ಅವರಿಗೆ ಹೇಗೆ ಗೊತ್ತು?"

ಇನ್ನು ಆ ಪದ. ಸಿಟ್ಟಿನಲ್ಲಾದರೂ ನೀನು ಅರ್ಥ ಕೇಳಿದ್ದೀಯ. ಅರ್ಥ ಕೇಳಿದವರಿಗೆ ಇಲ್ಲ ಅನ್ನಲು ನನ್ನಿಂದಾಗದು, ಅದು ನನ್ನ ಹೊಟ್ಟೆಪಾಡು. ನಿಘಂಟು ಕಚೇರಿಯಲ್ಲಿ ನಾವು ಎಸ್ ಅಕ್ಷರಕ್ಕೆ ಸಿಕ್ಕಿಕೊಂಡು ವರ್ಷವಾಗುತ್ತ ಬಂತು. ಅದು ಮುಗಿಯುವ ಅಕ್ಷರವಲ್ಲ. ನಿನಗೆ ಕಾಗದ ಬರೆದ ದಿನ ನನ್ನ ಮೇಜಿನ ಮೇಲಿದ್ದದ್ದು ಇದೇ ಪದ.

ಲ್ಯಾಟಿನ್ ಭಾಷೆಯಲ್ಲಿ 'ಸಬ್' ಅಂದರೆ ಕೆಳಗೆ, 'ಸ್ತಾರೆ' ಅಂದರೆ ನಿಲ್ಲು. ಎರಡೂ ಕೂಡಿ ಕೆಳಗೆ ನಿಂತಿರುವುದು ಎಂದಾಯಿತು. ಅದರಿಂದ 'ಸಬ್‌ಸ್ಟೆನ್ಸ್' ಹುಟ್ಟಿತು, ಅಂದರೆ ತಿರುಳು, ಸತ್ವ, ಕೈಗೆ ಸಿಗುವ ವಸ್ತು. ಆಮೇಲೆ ಈ ಕ್ರಿಯಾಪದ. ಇಂಗ್ಲಿಷಿಗೆ ಬಂದ ಹೊಸತರಲ್ಲಿ ಅದಕ್ಕೆ ರುಜುವಾತಿನ ಗಾಳಿಯೇ ತಗುಲಿರಲಿಲ್ಲ. ಬರೀ ಕಲ್ಪನೆಯಲ್ಲಿದ್ದದ್ದಕ್ಕೆ ಮೈ ಕೊಡುವುದು, ಅದು ನಿಜವಾಗಿ ಇರುವಂತೆ ಮಾಡುವುದು, ಇಷ್ಟೇ ಅರ್ಥ. ಎಷ್ಟೋ ಕಾಲದ ಮೇಲೆ ಜನ ಅದನ್ನು ಮಾತಿಗೂ ಹಚ್ಚಿದರು. ಒಬ್ಬ ಏನಾದರೂ ಹೇಳಿದರೆ, ಆ ಮಾತು ಗಾಳಿಯಲ್ಲಿ ತೇಲದೆ ನಿಲ್ಲುವಂತೆ ಅದರ ಕೆಳಗೆ ಏನನ್ನಾದರೂ ಇಡುವುದು. ಅಲ್ಲಿಂದ ಈಗಿನ ಅರ್ಥ. ನಮ್ಮ ಸಂಪಾದಕರು 'ರುಜುವಾತುಪಡಿಸು' ಎಂದರೆ ಸಾಕು ಅನ್ನುತ್ತಾರೆ. 'ಆಧಾರ ಕೊಡು' ಎಂಬುದು ಮೊದಲು ಬರಬೇಕು ಎಂದು ನಾನು. ರುಜುವಾತು ಅಂದರೆ ಎದುರಿಗೊಬ್ಬ ಆರೋಪಿ ನಿಂತಿರಲೇಬೇಕು. ಆಧಾರಕ್ಕೆ ಆರೋಪಿ ಬೇಕಿಲ್ಲ. ಇದೇ ವಾದದಲ್ಲಿ ನಮ್ಮ ಎರಡು ಮಧ್ಯಾಹ್ನ ಹೋಗಿವೆ.

ಇಂಗ್ಲಿಷಿನಲ್ಲಿ ಯಾಕೆ ಬರೆದೆ ಎಂದು ಕೇಳಿದೆ. ಮೊದಲು ಕನ್ನಡದಲ್ಲೇ ಬರೆದೆ. "ಅಕ್ಕಾ, ನೀನು ಹೇಳಿದ್ದು ನಿಜ ಅಂತ ತೋರಿಸು." ಬರೆದು ಓದಿದೆ. ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳಿಗೆ ನಾನು ಈ ಮಾತು ಹೇಳುತ್ತಿದ್ದೇನೆಯೇ ಅನ್ನಿಸಿತು. ಹಾಳೆ ಹರಿದು ಹಾಕಿ ಆ ದೊಡ್ಡ ಪದದ ಹಿಂದೆ ಅಡಗಿಕೊಂಡೆ. ಪಂಡಿತರಿಗೆ ಅದೊಂದು ಅನುಕೂಲ.

ಆದರೂ ಕೇಳುತ್ತೇನೆ, ಈ ಸಲ ಕನ್ನಡದಲ್ಲಿ. ನಿನಗೆ ಹೇಗೆ ಗೊತ್ತು ಅಕ್ಕಾ?

ನಿನ್ನ,
ತಮ್ಮ


ಫೆಬ್ರವರಿ ೨

ತಮ್ಮಾ,

ನಿನ್ನ ಕಾಗದ ಓದಿ ಎರಡು ದಿನ ಉರಿದುಕೊಂಡೇ ಇದ್ದೆ. ಆಮೇಲೆ ತಿಗರಿಯ ಮುಂದೆ ಕೂತಾಗ ಕೈ ಓಡಲಿಲ್ಲ. ಚಕ್ರ ತಿರುಗುತ್ತಿದೆ, ಮಣ್ಣಿನ ಮುದ್ದೆ ಮಧ್ಯದಲ್ಲಿ ಸುಮ್ಮನೆ ಸುತ್ತುತ್ತಿದೆ, ನಾನು ನಿನ್ನ ಹೆಂಡತಿಯ ಪ್ರಶ್ನೆಯನ್ನೇ ಯೋಚಿಸುತ್ತಿದ್ದೇನೆ. ನನಗೆ ಹೇಗೆ ಗೊತ್ತು?

ಉತ್ತರ ಹುಡುಕಿದರೆ ಸಿಕ್ಕಿದ್ದು ಒಬ್ಬ ಅಂಗಡಿಯವನ ಮಾತು. ಬಣ್ಣದ ಪುಡಿ ಮಾರುವವನು "ಇದರಲ್ಲಿ ಸೀಸ ಗೀಸ ಏನೂ ಇಲ್ಲಮ್ಮ, ಕಣ್ಮುಚ್ಚಿ ತಗೊಳ್ಳಿ" ಅಂದ. ನಾನು ನಿಜವಾಗಿಯೂ ಕಣ್ಣು ಮುಚ್ಚಿಯೇ ತಗೊಂಡೆ. ಉಳಿದ ಬಣ್ಣಗಳೆಲ್ಲ ಮೊಹರು ಮಾಡಿದ ಡಬ್ಬಿಯವು. ಹಳದಿ ಮಾತ್ರ ಅವನು ಅಂಗಡಿ ಮುಚ್ಚುವಾಗ ಮೂಟೆಯಿಂದ ಬಿಡಿಯಾಗಿ ಅಳೆದು ಕೊಟ್ಟದ್ದು. ಅದರ ಮೇಲೆ ಚೀಟಿ ಇಲ್ಲ, ಹೆಸರಿಲ್ಲ. ಇಷ್ಟು ವರ್ಷ ನಾನು ಎದೆ ತಟ್ಟಿ ಹೇಳಿದ ಮಾತಿನ ಕೆಳಗೆ ಅವನ ನಾಲಿಗೆ ಬಿಟ್ಟರೆ ಇನ್ನೇನೂ ಇರಲಿಲ್ಲ. ನಿನ್ನ ಲ್ಯಾಟಿನ್ನಿನವರು ಜಾಣರು ಕಣೋ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನೂ ಹಾಗೇ ಆಗಿದ್ದೇನೆ. ಕೈ ತೊಳೆದರೆ ನೀರು ನೋಡುತ್ತೇನೆ. ಮೆರುಗಿನ ಬಕೆಟ್ಟು ಮೂಸುತ್ತೇನೆ. ಸೀಸಕ್ಕೆ ವಾಸನೆ ಇಲ್ಲ ಅಂತ ಗೊತ್ತಿದ್ದೂ ಮೂಸುತ್ತೇನೆ.

ಒಂದು ದಾರಿ ಇದೆ. ನಾನು ಪ್ರತಿ ಸಲ ಭಟ್ಟಿ ಹಾಕುವಾಗ ಅದೇ ಬಕೆಟ್ಟಿನ ಮೆರುಗಿನಲ್ಲಿ ಅದ್ದಿದ ಒಂದು ಪುಟ್ಟ ಬಿಲ್ಲೆಯನ್ನೂ ಒಳಗಿಡುತ್ತೇನೆ. ಗಿರಾಕಿಗಳು ಒಡೆದ ಜೊತೆಯ ತಟ್ಟೆ ತಂದು "ಇದೇ ಬಣ್ಣ ಬೇಕು" ಅಂದಾಗ ಹೋಲಿಸಿ ನೋಡುವುದಕ್ಕೆ. ಬಿಲ್ಲೆಗೆ ತೂತು ಮಾಡಿ, ಭಟ್ಟಿಯಿಂದ ತೆಗೆದ ಮೇಲೆ ತಂತಿಗೆ ಪೋಣಿಸಿ ಕಿಟಕಿಯ ಮೇಲೆ ತೂಗುಹಾಕುತ್ತೇನೆ. ಮಗುವಿನ ಲೋಟ ಸುಟ್ಟ ದಿನದ ಹಳದಿ ಬಿಲ್ಲೆ ಅಲ್ಲೇ ಇತ್ತು, ಬೆನ್ನಿನ ಮೇಲೆ ನಾನೇ ಗೀರಿದ ಗುರುತಿತ್ತು. ಅದನ್ನು ಬಿಚ್ಚಿ ಪರೀಕ್ಷೆಯ ಲ್ಯಾಬಿಗೆ ಕಳಿಸಿದ್ದೇನೆ. ಹುಳಿ ದ್ರಾವಣದಲ್ಲಿ ನೆನೆಹಾಕಿ, ಸೀಸ ಬಿಟ್ಟುಕೊಳ್ಳುತ್ತದಾ ನೋಡುತ್ತಾರಂತೆ.

ಹಳದಿ ಪಾತ್ರೆ ಕೊಂಡವರಿಗೆಲ್ಲ ಹೇಳಿ ಕಳಿಸಿದೆ, ಸದ್ಯಕ್ಕೆ ಅದರಲ್ಲಿ ಉಣ್ಣಬೇಡಿ, ಕುಡಿಯಬೇಡಿ ಅಂತ. ಕೆಲವರು ಒಳ್ಳೆಯದಾಯಿತು ಹೇಳಿದ್ದು ಅಂದರು. ಒಬ್ಬಾಕೆ ಬಾಗಿಲಲ್ಲೇ ನಿಂತು ಬೈದು ಹೋದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ತಮ್ಮಾ, ಇದೆ ಅಂತ ಬಂದರೆ ಏನು ಮಾಡುವುದೋ? ಹೆದರಿಕೆಯಾಗಿದೆ ನನಗೆ.

ನಿನ್ನ,
ಅಕ್ಕ


ಫೆಬ್ರವರಿ ೧೧

ಅಕ್ಕಾ,

ವರದಿ ಬರುವುದಕ್ಕೆ ಮೊದಲೇ ಅಳುವುದು ಬೇಡ. ನಿನ್ನ ಕಾಗದವನ್ನು ಇವಳಿಗೂ ಓದಲು ಕೊಟ್ಟೆ. ಅಂಗಡಿಯವನ ವಿಷಯ ಬರೆದ ಜಾಗವನ್ನು ಎರಡು ಸಲ ಓದಿ, "ಇದನ್ನ ಒಪ್ಕೊಳ್ಳೋಕೆ ಅವರಿಗೆ ಎಷ್ಟು ಕಷ್ಟ ಆಗಿರ್ಬೇಕು" ಅಂದಳು. ಅಷ್ಟು ಹೇಳಿ ಪರೀಕ್ಷೆ ಪೇಪರು ತಿದ್ದಲು ಕೂತಳು.

ನಿನ್ನೆ ಇಲಿಮರಿ ಒಂದು ತುಂಡು ಬ್ರೆಡ್ಡು ಪೂರ್ತಿ ತಿಂದಳು. ನಾವಿಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ಕಚೇರಿಯಲ್ಲಿ ಪದ ಇನ್ನೂ ಇತ್ಯರ್ಥವಾಗಿಲ್ಲ. ನೀನು ಲ್ಯಾಟಿನ್ನಿನವರನ್ನು ಜಾಣರು ಅಂದದ್ದನ್ನು ಸಂಪಾದಕರಿಗೆ ಹೇಳಿದೆ, ನಿನ್ನನ್ನು ಕೆಲಸಕ್ಕೆ ತೆಗೆದುಕೊಳ್ಳೋಣವೇ ಎಂದು ಕೇಳಿದರು.

ವರದಿ ಬಂದ ಕೂಡಲೇ ತಿಳಿಸು.

ತಮ್ಮ


ಮಾರ್ಚ್ ೧

ತಮ್ಮಾ,

ಬಂತು. ಬಿಲ್ಲೆಯಲ್ಲಿ ಸೀಸ ಇದೆ. ವರದಿಯ ಪ್ರತಿ ಇದರ ಜೊತೆಗಿದೆ, ಡಾಕ್ಟರಿಗೆ ತೋರಿಸು.

ಹಳದಿ ಬಕೆಟ್ಟಿಗೆ ಮುಚ್ಚಳ ಬಿಗಿದು ಮೂಲೆಗೆ ಸರಿಸಿದ್ದೇನೆ. ಭಟ್ಟಿ ಆರಿಸಿದ್ದೇನೆ. ಶೆಡ್ಡಿನ ಬಾಗಿಲು ಹಾಕಿದ್ದೇನೆ. ನಿನ್ನ ಹೆಂಡತಿಗೆ ಹೇಳು, ಅವಳು ಕೇಳಿದ್ದೇ ಸರಿಯಾದ ಪ್ರಶ್ನೆ ಅಂತ.

ಮಗುವನ್ನು ನೋಡಲು ಬರಲಾ ಅಂತ ಕೇಳುವ ಮುಖ ನನಗಿಲ್ಲ.

ಅಕ್ಕ


ಮಾರ್ಚ್ ೫

ಅಕ್ಕಾ,

ವರದಿ ಓದಿ ಮಡಚಿಟ್ಟೆ. ನೀನು ಬೇಕೆಂದು ಮಾಡಿದ್ದಲ್ಲ. ಆದದ್ದಾಯಿತು.

ಬಾ. ನಿನ್ನ ಮೇಲೆ ಕೋಪ ಇದೆಯಾ ಅಂತ ನನ್ನನ್ನೇ ಕೇಳಿಕೊಂಡೆ. ಇದೆ, ಸ್ವಲ್ಪ. ಅದು ಹೋಗುತ್ತದೆ. ನೀನು ಅಲ್ಲಿ ಒಬ್ಬಳೇ ಬಾಗಿಲು ಹಾಕಿಕೊಂಡು ಕೂತಿರುವುದನ್ನು ನೆನೆದರೆ ಆಗುವ ಸಂಕಟ ಅದಕ್ಕಿಂತ ದೊಡ್ಡದು. ಬಸ್ಸು ಹತ್ತಿ ಬಂದುಬಿಡು.

ತಮ್ಮ


ಮಾರ್ಚ್ ೧೫

ಅಕ್ಕಾ,

ಉತ್ತರ ಇಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ. ನಿನ್ನ ಪಕ್ಕದ ರೇಡಿಯೋ ಅಂಗಡಿಗೆ ಫೋನು ಮಾಡಿದೆ. "ಇದ್ದಾರೆ ಸಾರ್, ಊಟ ತಂದುಕೊಟ್ಟರೆ ಈಸ್ಕೋತಾರೆ, ಮಾತಾಡಲ್ಲ" ಅಂದರು. ಒಂದು ಸಾಲು ಬರಿ. ಬೈದಾದರೂ ಬರಿ.

ತಮ್ಮ


ಮಾರ್ಚ್ ೨೩

ಅತ್ತಿಗೆಯವರಿಗೆ ನಮಸ್ಕಾರ.

ನಾನು ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ನಿಮ್ಮ ತಮ್ಮನಿಗೆ ಹೇಳದೆ ಒಂದು ಕೆಲಸ ಮಾಡಿದ್ದೇನೆ, ಅದನ್ನು ಮೊದಲು ನಿಮಗೆ ತಿಳಿಸಬೇಕು.

ಈ ತಿಂಗಳ ಮೊದಲ ವಾರದಲ್ಲಿ ಮಗುವಿಗೆ ಮತ್ತೆ ರಕ್ತ ಪರೀಕ್ಷೆ ಆಯಿತು. ಸೀಸ ಇಳಿದಿರಲಿಲ್ಲ, ಸ್ವಲ್ಪ ಏರಿತ್ತು. ನಿಮ್ಮ ತಮ್ಮನಿಗೆ ಅಳು ಬಂತು. ನನಗೆ ಮಾತ್ರ ತಲೆಯಲ್ಲಿ ಏನೋ ಚುರ್ ಎಂದಿತು. ನಿಮ್ಮ ಪಾತ್ರೆಗಳು ಜನವರಿಯಿಂದ ಅಟ್ಟದಲ್ಲಿವೆ. ಮಗು ಅವನ್ನು ಮುಟ್ಟಿಯೂ ಇಲ್ಲ. ಕಾರಣ ಅವೇ ಆಗಿದ್ದರೆ ಅಂಕಿ ಇಳಿಯಬೇಕಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಶಾಲೆಯಲ್ಲಿ ಮಕ್ಕಳಿಗೆ ದಿನಾ ಹೇಳುವವಳು ನಾನು. ಮನೆಯಲ್ಲಿ ಮಾತ್ರ ಒಂದೇ ಒಂದು ಬಿಲ್ಲೆಯ ವರದಿ ಹಿಡಿದು ಲೆಕ್ಕ ಮುಗಿಸಿಬಿಟ್ಟಿದ್ದೆ.

ಏಣಿ ಹಾಕಿ ಪೆಟ್ಟಿಗೆ ಇಳಿಸಿದೆ. ಹಳದಿ ಲೋಟವನ್ನೂ ಅದೇ ದಿನ ಸುಟ್ಟ ಎರಡು ಬಟ್ಟಲುಗಳನ್ನೂ ಅದೇ ಲ್ಯಾಬಿಗೆ ಕೊಟ್ಟು ಬಂದೆ. ನಿನ್ನೆ ವರದಿ ಬಂತು. ಅತ್ತಿಗೆ, ಏನೂ ಇಲ್ಲ. ಮೂರರಲ್ಲೂ ಇಲ್ಲ. ಲ್ಯಾಬಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೋಗಿಬರುವವರೆಲ್ಲ ಕೆಟ್ಟ ಸುದ್ದಿ ಬಂದಿರಬೇಕು ಎಂದುಕೊಂಡು ನನ್ನನ್ನು ನೋಡುತ್ತಿದ್ದರು. ಒಬ್ಬರು ನೀರು ತಂದುಕೊಟ್ಟರು.

ಈಗ ಉಳಿದಿರುವುದು ಎರಡು ಪ್ರಶ್ನೆ. ಮನೆಯಲ್ಲಿ ಬೇರೆ ಎಲ್ಲಿಂದಲೋ ಸೀಸ ಮಗುವಿನ ಬಾಯಿಗೆ ಹೋಗುತ್ತಿದೆ. ಅದನ್ನು ಹುಡುಕುವುದು ನಮ್ಮ ಕೆಲಸ. ಎರಡನೆಯದು ನಿಮ್ಮದು. ಒಂದೇ ಬಕೆಟ್ಟಿನಲ್ಲಿ ಅದ್ದಿ ಒಂದೇ ಭಟ್ಟಿಯಲ್ಲಿ ಸುಟ್ಟ ಲೋಟದಲ್ಲಿ ಇಲ್ಲದ್ದು ಬಿಲ್ಲೆಯಲ್ಲಿ ಹೇಗೆ ಬಂತು? ಭಟ್ಟಿಯಿಂದ ಹೊರಬಂದ ಮೇಲೆ ಆ ಬಿಲ್ಲೆಗೆ ಏನೋ ಆಗಿರಬೇಕು. ಅದನ್ನು ಹೇಗೆ ಇಟ್ಟಿದ್ದಿರಿ, ಯಾವುದರ ಜೊತೆ ಇಟ್ಟಿದ್ದಿರಿ, ದಯವಿಟ್ಟು ನೋಡಿ.

ನಿಮ್ಮನ್ನು ನಂಬದೆ ಇದ್ದದ್ದಕ್ಕೆ ನನಗೆ ನಾಚಿಕೆಯಿಲ್ಲ, ಮಗುವಿನ ತಾಯಿ ನಾನು. ಆದರೆ ನೀವು ಬಾಗಿಲು ಹಾಕಿಕೊಂಡು ಕೂತದ್ದು ಕೇಳಿ ರಾತ್ರಿಯೆಲ್ಲ ಸಂಕಟಪಟ್ಟಿದ್ದೇನೆ. ಬಾಗಿಲು ತೆಗೆಯಿರಿ.

ನಿಮ್ಮ ತಮ್ಮನ ಹೆಂಡತಿ


ಮಾರ್ಚ್ ೨೯

ಲೆಕ್ಕದ ಮೇಡಂಗೆ,

ಇನ್ನು ಮೇಲೆ ಈ ಹೆಸರನ್ನು ಮುಖದ ಮುಂದೆಯೇ ಕರೆಯುತ್ತೇನೆ, ಇಷ್ಟು ದಿನ ಬೆನ್ನ ಹಿಂದೆ ಕರೆಯುತ್ತಿದ್ದೆ.

ನಿನ್ನ ಕಾಗದ ಓದಿದೆನೋ, ಕುಡಿದೆನೋ ಗೊತ್ತಿಲ್ಲ. ಮೂರರಲ್ಲೂ ಇಲ್ಲ ಅನ್ನುವ ಸಾಲಿಗೆ ಬಂದಾಗ ಗಟ್ಟಿಯಾಗಿ ಅತ್ತೆ. ರೇಡಿಯೋದವರು ಓಡಿ ಬಂದರು. ಅಳುತ್ತಲೇ ಕಾಗದ ಕೊಟ್ಟೆ. ಅವರು ಪೂರ್ತಿ ಓದಿ, ತಲೆ ಎತ್ತಿ, ಕಿಟಕಿಯ ಮೇಲೆ ತೂಗುತ್ತಿದ್ದ ಬಿಲ್ಲೆಗಳ ಸಾಲು ನೋಡಿದರು. ಆಮೇಲೆ ಸ್ಟೂಲು ಹಾಕಿ ಹತ್ತಿ ತಂತಿಯನ್ನು ಬೆರಳಿನಿಂದ ಬಾಗಿಸಿ ನೋಡಿದರು. ಅವರ ಮುಖ ಹುಳ್ಳಗಾಯಿತು.

"ಅಕ್ಕಾ, ಇದು ನಾನು ಕೊಟ್ಟಿದ್ದಲ್ವಾ?"

"ಹೌದು. ಹಳೇ ದಾರ ಕಿತ್ತುಹೋಗಿತ್ತಲ್ಲ, ಮೆತ್ತಗಿದೆ, ಕಟ್ಟೋಕೆ ಸುಲಭ ಅಂತ ಕೊಟ್ರಲ್ಲ."

"ಇದು ಬೆಸುಗೆ ತಂತಿ. ಇದರಲ್ಲಿ ಸೀಸ ಇರತ್ತೆ."

ಗಾಳಿ ಬಂದಾಗಲೆಲ್ಲ ಬಿಲ್ಲೆಗಳು ಆ ತಂತಿಗೆ ಉಜ್ಜಿಕೊಂಡು ಉಜ್ಜಿಕೊಂಡು ತೂತಿನ ಸುತ್ತ ಬೂದು ಗೆರೆ ಬಿದ್ದಿದೆ. ನಾನು ಅದನ್ನು ಧೂಳು ಅಂದುಕೊಂಡಿದ್ದೆ. ಅದನ್ನೇ ಒರೆಸದೆ, ತೊಳೆಯದೆ, ನಾಜೂಕಾಗಿ ಹತ್ತಿಯಲ್ಲಿ ಸುತ್ತಿ ಲ್ಯಾಬಿಗೆ ಕಳಿಸಿದೆ. ನನ್ನ ಮೇಲೆ ನಾನೇ ಸಾಕ್ಷಿ ತಯಾರು ಮಾಡಿ ಕಳಿಸಿದ ಹಾಗಾಯಿತು. ರೇಡಿಯೋದವರು ಪಾಪ, "ಕಟ್ಟೋಕೆ ಅಂತ ಕೊಟ್ಟೆ ಅಕ್ಕಾ, ಲ್ಯಾಬಿಗೆ ಕಳಿಸ್ತೀರಿ ಅಂತ ನನಗೇನು ಕನಸು ಬಿದ್ದಿತ್ತಾ" ಎಂದು ಹಣೆ ಚಚ್ಚಿಕೊಂಡರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗಲು ಶುರು ಮಾಡಿದೆವು, ನಿಲ್ಲಿಸಲೇ ಆಗಲಿಲ್ಲ.

ನಗು ನಿಂತ ಮೇಲೆ ಮಗುವಿನ ಅಂಕಿ ಏರಿದೆ ಅಂತ ನೀನು ಬರೆದದ್ದು ನೆನಪಾಯಿತು. ಬೇಗ ಹುಡುಕಿ. ಅವಳು ಎಲ್ಲೆಲ್ಲಿ ಕೂರುತ್ತಾಳೆ, ಏನೇನು ಕಚ್ಚುತ್ತಾಳೆ, ನೆಲದಲ್ಲಿ ಅವಳ ಎತ್ತರಕ್ಕೇ ಕೂತು ನೋಡಿ. ನಿಂತು ನೋಡಿದರೆ ಸಿಗುವುದಿಲ್ಲ.

ನನ್ನನ್ನು ನಂಬದಿದ್ದದ್ದಕ್ಕೆ ನಾಚಿಕೆ ಬೇಡವೇ ಬೇಡ. ನೀನು ನಂಬಿ ಸುಮ್ಮನಾಗಿದ್ದರೆ ಯಾರೂ ಆ ಪೆಟ್ಟಿಗೆ ಇಳಿಸುತ್ತಿರಲಿಲ್ಲ.

ನಿನ್ನ,
ಅತ್ತಿಗೆ


ಏಪ್ರಿಲ್ ೧೬

ಅಕ್ಕಾ,

ಸಿಕ್ಕಿತು. ನೀನು ಹೇಳಿದಂತೆ ಇವಳು ನೆಲದ ಮೇಲೆ ಕೂತು, ಮಗು ಹೋದ ಕಡೆಯೆಲ್ಲ ತಾನೂ ಅಂಬೆಗಾಲಲ್ಲಿ ಹೋದಳು. ಸಂಜೆ ಇವಳು ಶಾಲೆಯಿಂದ ಬರುವ ಹೊತ್ತಿಗೆ ಮಗು ಮಂಚದ ಮೇಲೆ ಹತ್ತಿ ಕಿಟಕಿಯ ಕಟ್ಟೆ ಹಿಡಿದು ನಿಂತು ದಾರಿ ನೋಡುತ್ತಾಳೆ. ಇದು ನಮಗೆ ಗೊತ್ತಿತ್ತು, ಮುದ್ದು ಅಂದುಕೊಂಡಿದ್ದೆವು. ನಿಂತಷ್ಟು ಹೊತ್ತೂ ಅವಳು ಆ ಕಟ್ಟೆಯ ಮರವನ್ನು ಕಡಿಯುತ್ತಿದ್ದಳು. ಪರದೆಯ ಹಿಂದೆ ಉದ್ದಕ್ಕೂ ಹಲ್ಲಿನ ಗುರುತು. ಬಣ್ಣ ಪರೀಕ್ಷೆ ಮಾಡಿಸಿದೆವು. ಒಳಪದರ ಹಳೆಯ ಕಾಲದ ಬಣ್ಣ, ಅದರ ತುಂಬ ಸೀಸ.

ಮನೆ ಮಾಲೀಕರು ಚೌಕಟ್ಟನ್ನೇ ಕಿತ್ತು ಬೇರೆ ಹಾಕಿಸುತ್ತಿದ್ದಾರೆ. ಅಲ್ಲಿಯವರೆಗೆ ನಾವು ಇವಳ ಶಾಲೆಯ ಟೀಚರೊಬ್ಬರ ಮನೆಯ ಮಹಡಿಯಲ್ಲಿದ್ದೇವೆ. ಮೊನ್ನೆಯ ಪರೀಕ್ಷೆಯಲ್ಲಿ ಅಂಕಿ ಇಳಿಯಲು ಶುರುವಾಗಿದೆ. ಡಾಕ್ಟರು ಮೊದಲ ಸಲ ನಕ್ಕರು. ತಡವಾಗಿಲ್ಲ, ಪೂರ್ತಿ ಸರಿಹೋಗುತ್ತಾಳೆ ಎಂದರು. ಹಳದಿ ಲೋಟ ಕೆಳಗಿಳಿದಿದೆ.

ಇನ್ನೊಂದು ಮಾತು ಇದೆ. ಇವಳಿಗೂ ಹೇಳಿದ್ದೇನೆ. ಮಗು ಹುಟ್ಟುವ ಮೊದಲು ಆ ಕಟ್ಟೆಯ ಬಣ್ಣ ಎದ್ದು ಬಂದಿತ್ತು. ಸಿಬಿರು ಚುಚ್ಚೀತು ಅಂತ ನಾನೇ ರಜೆ ಹಾಕಿ, ಉಪ್ಪುಕಾಗದ ಹಿಡಿದು ಉಜ್ಜಿದೆ, ಮೇಲೆ ನೀಲಿ ಬಳಿದೆ. ಹಳೆಯ ಬಣ್ಣವನ್ನು ಸಡಿಲ ಮಾಡಿ ಪುಡಿ ಉದುರುವಂತೆ ಮಾಡಿದವನು ನಾನು. ನಿನ್ನ ಹತ್ತಿರ ಆಧಾರ ಕೇಳಿದವನ ಕೈಯಲ್ಲೇ ಇಷ್ಟೆಲ್ಲ ಆಗಿದೆ. ಅಂಕಿ ಇಳಿದ ಸಂತೋಷದ ನಡುವೆ ಇದು 'ಚುಳ್' ಎನ್ನುತ್ತಲೇ ಇದೆ.

ಸಂಪಾದಕರು ಪದವನ್ನು ಇತ್ಯರ್ಥ ಮಾಡಿದರು. ಎರಡು ಅರ್ಥವೂ ಇರುತ್ತದೆ, 'ಆಧಾರ ಕೊಡು' ಮೊದಲು. ಗೆದ್ದೆ. ನನಗೆ ಖುಷಿಯೇ ಆಗಲಿಲ್ಲ.

ತಮ್ಮ


ಏಪ್ರಿಲ್ ೨೨

ತಮ್ಮಾ,

ಇಳಿಯಿತು! ಆ ಒಂದು ಸಾಲನ್ನು ರೇಡಿಯೋದವರಿಗೆ, ಬೀದಿಯ ತುದಿಯ ಟೈಲರಿಗೆ, ಕಾಗದ ತಂದ ಪೋಸ್ಟಿನವರಿಗೂ ಓದಿ ಹೇಳಿದೆ. ಪೋಸ್ಟಿನವರಿಗೆ ಹಿಂದುಮುಂದು ಗೊತ್ತಿರಲಿಲ್ಲ, ಆದರೂ "ಒಳ್ಳೇದಾಯ್ತಮ್ಮಾ" ಅಂದರು. ಜೀವಕ್ಕೆ ಜೀವ ಬಂತು ಕಣೋ.

ಹಳದಿ ಬಕೆಟ್ಟಿನ ಮೆರುಗನ್ನೂ ಪರೀಕ್ಷೆ ಮಾಡಿಸಿದೆ, ಅದರಲ್ಲೂ ಇಲ್ಲ. ಅಂಗಡಿಯವನು ಸತ್ಯವನ್ನೇ ಹೇಳಿದ್ದ, ಪುಣ್ಯಾತ್ಮ. ಆದರೂ ಇನ್ನು ಮೇಲೆ ಚೀಟಿ ಇಲ್ಲದ ಪುಡಿ ನನ್ನ ಶೆಡ್ಡಿಗೆ ಬರುವುದಿಲ್ಲ. ಗಿರಾಕಿಗಳಿಗೆಲ್ಲ ಮತ್ತೆ ಹೇಳಿ ಕಳಿಸಿದೆ, ಹಳದಿಯಲ್ಲಿ ಉಣ್ಣಬಹುದು ಅಂತ. ಒಬ್ಬ ಮುದುಕಪ್ಪ, "ನಾನು ನಿಲ್ಲಿಸೇ ಇರಲಿಲ್ಲ ಬಿಡಮ್ಮಾ" ಅಂದ. ನನಗೆ ನಗು ಬಂತು, ಅವನಿಗೆ ಎರಡು ಬೈದೆ.

ಈಗ ನಿನ್ನ ಚುಳ್‌ನ ವಿಷಯ. ಸಿಬಿರು ಚುಚ್ಚಬಾರದು ಅಂತ ರಜೆ ಹಾಕಿ ಮರ ಉಜ್ಜಿದ ಅಪ್ಪನ ಮೇಲೆ ಯಾರು ತಪ್ಪು ಹೊರಿಸುತ್ತಾರೆ? ನನ್ನ ಹತ್ತಿರವಂತೂ ಆ ಕೆಲಸ ಆಗದು. ನನ್ನ ಬಿಲ್ಲೆಗೆ ಸೀಸ ಹತ್ತಿಸಿದ ರೇಡಿಯೋದವರು ದಿನಾ ಊಟ ತಂದುಕೊಟ್ಟವರು. ನಮ್ಮ ಇಡೀ ಪುರಾಣದಲ್ಲಿ ಒಬ್ಬ ಕೆಟ್ಟವನೂ ಸಿಗಲಿಲ್ಲ. ಹುಡುಕುವುದನ್ನು ಬಿಡು. ಗೆದ್ದ ಪದಕ್ಕೆ ಖುಷಿಪಡು, ಅದಕ್ಕಾಗಿ ಎರಡು ಮಧ್ಯಾಹ್ನ ಕಿತ್ತಾಡಿದ್ದೀಯ.

ಮಾರ್ಚಿನಲ್ಲಿ ನಿನಗೆ ಯಾಕೆ ಉತ್ತರ ಬರೆಯಲಿಲ್ಲ ಅಂತ ಹೇಳಿಲ್ಲ ನಾನು. ವರದಿ ಬಂದ ದಿನ ನನ್ನ ಮಾತು ಪೂರ್ತಿ ಸುಳ್ಳಾಗಿ ಬಿದ್ದಿತ್ತು. ಅದನ್ನು ಎತ್ತಿ ಹಿಡಿಯಲು ನನ್ನ ಹತ್ತಿರ ಒಂದು ಚೂರೂ ಇರಲಿಲ್ಲ. ಆ ಹೊತ್ತಿನಲ್ಲಿ ನೀನು "ಬಾ" ಅಂತ ಬರೆದೆ. ಸ್ವಲ್ಪ ಕೋಪ ಇದೆ ಅಂತಲೂ ಬರೆದೆ, ಅದಕ್ಕೇ ಆ 'ಬಾ' ನಿಜ ಅನ್ನಿಸಿತು. ಆ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ಉತ್ತರ ಬರೆಯಲು ಕೂತರೆ ಬರೀ ಅಳು ಬರುತ್ತಿತ್ತು, ಒದ್ದೆ ಹಾಳೆ ಕಳಿಸುವುದು ಹೇಗೆ ಅಂತ ಸುಮ್ಮನಾದೆ.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಸ್ಟಾಂಡಿಗೆ ಬರಬೇಡ, ವಿಳಾಸ ಹಿಡಿದು ಬರಲು ನನಗೆ ಗೊತ್ತು. ಜನವರಿಯಿಂದ ನನ್ನ ಈ ಎರಡು ಕೈ ನೋಡಿದರೆ ನನಗೇ ಹೆದರಿಕೆಯಾಗುತ್ತಿತ್ತು. ಮಹಡಿಯ ಮೆಟ್ಟಿಲು ಹತ್ತಿ ಬಂದಾಗ ಕುಶಲ ಗಿಶಲ ಏನೂ ಕೇಳಬೇಡಿ, ಚೀಲವನ್ನೂ ಇಳಿಸಿಕೊಳ್ಳಬೇಡಿ. ಮೊದಲು ಮಗುವನ್ನು ಎತ್ತಿ ನನ್ನ ಕೈಗೆ ಕೊಡಿ.

ನಿನ್ನ,
ಅಕ್ಕ